ಡ್ರಮ್ ಸ್ಮೋಕರ್ 180 ಡಿಗ್ರಿಗೆ ಏರಿದ್ರೆ ಇಳಿಯೋದೇ ಇಲ್ಲ, ಹೊಗೆನೂ ಕಹಿ. ಎಲ್ಲಿ ತಪ್ಪು?

ಪಿಜೆ_ಬಡಾವಣೆ_ತಾರಸಿ (ದಾವಣಗೆರೆ)
ಇದ್ದಿಲ ಕಾವು, ಹೊಗೆಯಲ್ಲಿ ಮಾಂಸ ನಿಧಾನ ಬೇಯಿಸೋಕೆ ಮಾಡ್ಕೊಂಡ ಡ್ರಮ್ ಇದು. 200 ಲೀಟರ್, ಗುಜರಿಯದ್ದು, ಮೊದಲು ಅಡುಗೆ ಎಣ್ಣೆ ಇತ್ತು. ಒಳಗಿನ ಲೇಪ ಸುಟ್ಟು, ತಂತಿ ಬ್ರಷ್ ಹಾಕಿ ತೆಗೆದಾಗಿದೆ. ತಳದಿಂದ 2 ಇಂಚು ಮೇಲೆ ಗಾಳಿ ಒಳಗೆ ಹೋಗೋಕೆ ಮುಕ್ಕಾಲು ಇಂಚಿನ ನಾಲ್ಕು ನಿಪ್ಪಲ್ (ಗಿಡ್ಡ ಪೈಪ್ ತುಂಡು), ನಾಲ್ಕಕ್ಕೂ ಬಾಲ್ ವಾಲ್ವ್. ಬೂದಿ ತೆಗೆಯೋಕೆ ಅಂತ ಪಕ್ಕದಲ್ಲಿ 12 ಇಂಚು ಅಗಲ, 10 ಇಂಚು ಎತ್ತರದ ಬಾಗಿಲು. ಕತ್ತರಿಸಿದ ತುಂಡಿಗೇ ಕೀಲು ಹಾಕಿ ಕೂರಿಸಿದ್ದು. ಮುಚ್ಚಳದಲ್ಲಿ ಅರ್ಧ ಇಂಚಿನ 8 ತೂತು. ಇದ್ದಿಲು ಬುಟ್ಟಿ 13 ಇಂಚು ವ್ಯಾಸ, ಅದರಿಂದ 24 ಇಂಚು ಮೇಲೆ ಗ್ರಿಲ್.

2 ಕೆಜಿ ಇದ್ದಿಲು ಕೆಂಪಗೆ ಮಾಡಿ ಸುರಿದ್ರೆ ಅರ್ಧ ಗಂಟೆಯಲ್ಲಿ 180. ನಾಲ್ಕೂ ವಾಲ್ವ್ ಮುಚ್ಚಿದ್ರೂ 150ರ ಕೆಳಗೆ ಬರಲ್ಲ. ಮೇಲಿನ ತೂತು ಐದು ಮುಚ್ಚಿದ್ರೆ ದಟ್ಟ ಬಿಳಿ ಹೊಗೆ, ಕೋಳಿ ಮೇಲೆ ಕಪ್ಪು ಜಿಗುಟು, ನಾಲಿಗೆ ಜೋಮು ಹಿಡಿಯೋ ಕಹಿ. ನನಗೆ ಬೇಕಿರೋದು 110–120, ಐದಾರು ಗಂಟೆ ನಿಂತಿರಬೇಕು. ಇನ್ನೆರಡು ವಾಲ್ವ್ ಹಾಕಿಸ್ಲಾ? ಇಲ್ಲ ಕಾವು ನೋಡ್ಕೊಂಡು ತಾನೇ ಗಾಳಿ ಊದೋ ಫ್ಯಾನ್ ಕಂಟ್ರೋಲರ್ ತರಿಸ್ಲಾ? (ಲೆಕ್ಕ ಎಲ್ಲಾ ಸೆಲ್ಸಿಯಸ್.)

ಹೊನ್ನಾಳಿ_ಜೋಳ
ವಾಲ್ವ್ ಮುಚ್ಚಿದ್ರೂ ಬೆಂಕಿ ಆರ್ತಿಲ್ಲ ಅಂದ್ರೆ ಇನ್ನೆರಡು ವಾಲ್ವ್ ಯಾಕಣ್ಣ? 😄

ಹರಿಹರ_ವೆಲ್ಡಿಂಗ್
ಬಾಗಿಲು. ಬೇರೆ ಏನೂ ನೋಡೋದು ಬ್ಯಾಡ್ರಿ.

ಲೆಕ್ಕ ಹಾಕ್ರಿ. ಬಾಗಿಲ ಸುತ್ತಳತೆ 44 ಇಂಚು, ಅಂದ್ರ 1,118 ಮಿ.ಮೀ. ಕಟಿಂಗ್ ವೀಲ್ ತಿಂದ ಸಂದು ಕಮ್ಮಿ ಅಂದ್ರೂ 2 ಮಿ.ಮೀ. ಗುಣಿಸಿದ್ರ 2,200 ಚದರ ಮಿ.ಮೀ. ದಾಟ್ತು. ಮುಕ್ಕಾಲು ಇಂಚಿನ ಒಂದು ಪೈಪ್ ಪೂರ್ತಿ ತೆಗೆದ್ರ ಸಿಗೋ ದಾರಿ ಸುಮಾರು 350. ನಾಲ್ಕೂ ವಾಲ್ವ್ ಮುಚ್ಚಿ ನೀವು ಕೂತಿದ್ದಾಗ ಡ್ರಮ್ ಲೆಕ್ಕದಾಗ ಆರು ವಾಲ್ವ್ ತೆಗೆದೇ ಐತಿ.

ಇನ್ನೊಂದು, ಡ್ರಮ್ ಗುಂಡಗೈತಿ. ಕತ್ತರಿಸಿದ ಕೂಡ್ಲೇ ಆ ತುಂಡಿನ ಬಿಗಿ ಬಿಟ್ಟು ಬಾಗು ಬದಲಾಗ್ತೈತಿ. ಬಿಸಿ ಆದ ಮ್ಯಾಲೆ ಇನ್ನಷ್ಟು ಸೊಟ್ಟ. ತಣ್ಣಗಿದ್ದಾಗ 2 ಮಿ.ಮೀ. ಇದ್ದ ಸಂದು ಮೂಲೆಯೊಳಗ 4 ಆಗಿರ್ತೈತಿ.

ದುರ್ಗದ_ಗಾಳಿ (ಚಿತ್ರದುರ್ಗ)
ವೆಲ್ಡಿಂಗ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಅನುಮಾನ ಇದ್ರೆ ಎರಡು ಪರೀಕ್ಷೆ ಐತೆ. ರಾತ್ರಿ ಹೊತ್ತು ಡ್ರಮ್ ಒಳಗೆ ಒಂದು ಎಲ್‌ಇಡಿ ಬಲ್ಬ್ ಇಟ್ಟು, ಮುಚ್ಚಳ ಹಾಕಿ, ಹೊರಗಿನ ದೀಪ ಆರಿಸಿ ನೋಡಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತೋ ಅಲ್ಲೆಲ್ಲಾ ಸೋರಿಕೆ. ಎರಡನೇದು, ಬೆಂಕಿ ಇದ್ದಾಗ ಊದಿನಕಡ್ಡಿ ಹಚ್ಚಿ ಬಾಗಿಲ ಸಂದಿನ ಉದ್ದಕ್ಕೂ ಆಡಿಸಿ. ಹೊಗೆ ಒಳಗೆ ಎಳ್ಕೊಂಡ್ರೆ ಅಲ್ಲಿಂದ ಗಾಳಿ ಹೋಗ್ತಿದೆ ಅಂತ. ಮುಚ್ಚಳದ ಅಂಚಲ್ಲಿ ಹೊಗೆ ಹೊರಗೆ ಬಂದ್ರೆ ತಲೆ ಕೆಡಿಸ್ಕೋಬೇಡಿ. ಬೆಂಕಿ ಏರಿಸೋದು ಕೆಳಗಿನ ಸೋರಿಕೆ.

ಪಿಜೆ_ಬಡಾವಣೆ_ತಾರಸಿ
ಬಲ್ಬ್ ಇಟ್ಟು ನೋಡಿದೆ. ಬಾಗಿಲ ಮೂರು ಕಡೆ ದೀಪಾವಳಿ. ಕೀಲಿನ ಕಡೆ ಬೆರಳುಗುರು ಹೋಗುತ್ತೆ. ಈಗ ಏನ್ ಮಾಡ್ಲಿ?

ಹರಿಹರ_ವೆಲ್ಡಿಂಗ್
ಎರಡು ದಾರಿ.

ಒಂದು, ಬಾಗಿಲನ್ನ ಪೂರ್ತಿ ವೆಲ್ಡ್ ಮಾಡಿ ಮುಚ್ಚಿಸಿಬಿಡ್ರಿ. ಡ್ರಮ್ ಸ್ಮೋಕರ್‌ಗೆ ಬಾಗಿಲೇ ಬ್ಯಾಡ. ಇದ್ದಿಲು ಬುಟ್ಟಿಗೆ 8 ಮಿ.ಮೀ. ಸರಳಿನ ಎತ್ತರದ ಹಿಡಿ ಹಾಕಿಸಿ. ಬುಟ್ಟಿ ತಳಕ್ಕೆ 1 ಇಂಚು ಬಿಟ್ಟು ಒಂದು ಎಂ.ಎಸ್. (ಮಾಮೂಲಿ ಕಬ್ಬಿಣದ) ತಟ್ಟೆ ಬೋಲ್ಟ್ ಮಾಡಿ, ಬೂದಿ ಅದರ ಮ್ಯಾಲೇ ಬೀಳ್ತೈತಿ. ಅಡುಗೆ ಮುಗಿದು ತಣ್ಣಗಾದ ಮ್ಯಾಲೆ ಮ್ಯಾಲಿಂದ ಕೊಕ್ಕೆ ಹಾಕಿ ಎತ್ತಿದ್ರ ಬುಟ್ಟಿ, ಬೂದಿ ಎರಡೂ ಒಟ್ಟಿಗೆ ಬರ್ತಾವು. ಬುಟ್ಟಿ ಕಾಲು 3 ಇಂಚು ಇರ್ಲಿ, ಇಲ್ಲಾಂದ್ರ ಬೂದಿ ತುಂಬಿ ಗಾಳಿ ಕಟ್ಟಿ ಬೆಂಕಿ ನಡುವೆ ಸಾಯ್ತೈತಿ.

ಎರಡು, ಬಾಗಿಲು ಬೇಕೇ ಬೇಕು ಅಂದ್ರ: ಒಳಗಿನಿಂದ ಕಿಂಡಿ ಸುತ್ತಾ 25×3 ಮಿ.ಮೀ. ಪಟ್ಟಿ, ಅರ್ಧ ಒಳಗ ಅರ್ಧ ಕಿಂಡಿಗೆ ಚಾಚಿರೋ ಹಂಗ. ಪಟ್ಟಿ ಮ್ಯಾಲೆ 8 ಮಿ.ಮೀ. ಗ್ಲಾಸ್ ಫೈಬರ್ ಹಗ್ಗ, ಅದಕ್ಕ ಹೈ ಟೆಂಪರೇಚರ್ ಕೆಂಪು ಸಿಲಿಕೋನ್. ಸುಮ್ನೆ ಚಿಲಕ ಸಾಲಂಗಿಲ್ಲ, ಎಳೆದು ಒತ್ತೋ ಟಾಗಲ್ ಕ್ಲ್ಯಾಂಪ್ ಎರಡು. ಸಿಲಿಕೋನ್ ಹಚ್ಚಿದ ಮ್ಯಾಲೆ 24 ಗಂಟೆ ಬಿಡ್ರಿ. ಹಸಿ ಇದ್ದಾಗ ಬೆಂಕಿ ಹಾಕಿದ್ರ ಉಬ್ಬಿ ಕಿತ್ತು ಬರ್ತೈತಿ, ವಿನೆಗರ್ ವಾಸನೆ ಬ್ಯಾರೆ.

ನಾನಾದ್ರ ಮುಚ್ಚಿಸಿಬಿಡ್ತಿದ್ದೆ.

ಶೇಂಗಾ_ಚಳ್ಳಕೆರೆ
ಬಾಗಿಲಿಗೆ ಮಣ್ಣು ಮೆತ್ತಿದ್ರೆ ಆಗಲ್ವಾ? ಹಳ್ಳಿ ಕಡೆ ಒಲೆಗೆ ಮಾಡ್ತಾರಲ್ಲ, ಹುತ್ತದ ಮಣ್ಣು, ಸಗಣಿ.

ದುರ್ಗದ_ಗಾಳಿ
ಒಂದು ಅಡುಗೆಗೆ ಆಗುತ್ತೆ. ತಗಡು ಹಿಗ್ಗಿ ಕುಗ್ಗಿದಾಗ ಮಣ್ಣು ಬಿರುಕು ಬಿಟ್ಟು ಉದುರುತ್ತೆ. ವೆಲ್ಡರ್ ಸಿಗೋವರೆಗೆ ಬೇಕಾದ್ರೆ ಗೋಧಿಹಿಟ್ಟಿನ ಕಣಕ ಮೆತ್ತಿ, ದಮ್ ಬಿರಿಯಾನಿ ಹಂಡೆಗೆ ಮೆತ್ತೋ ಹಂಗೆ.

ವಿದ್ಯಾನಗರ_ಗ್ರಿಲ್
ಸೋರಿಕೆ ಒಂದೇ ಅಲ್ಲ ಸ್ವಾಮಿ. ಬೆಂಕಿ ಹಚ್ಚೋ ಕ್ರಮವೂ ತಪ್ಪು. 2 ಕೆಜಿ ಇದ್ದಿಲು ಪೂರ್ತಿ ಕೆಂಪಗೆ ಮಾಡಿ ಸುರಿದ್ರೆ ಯಾವ ಡ್ರಮ್ ಆದ್ರೂ 180 ಹೊಡೆಯುತ್ತೆ. ಅಷ್ಟೂ ಇದ್ದಿಲು ಈಗಾಗ್ಲೇ ಉರೀತಿದೆ, ಮತ್ತೆ ತಣ್ಣಗೆ ಮಾಡೋದು ಹೆಂಗೆ?

ಉಲ್ಟಾ ಮಾಡಿ. ಹೊತ್ತಿಸದ ಇದ್ದಿಲು 4 ಕೆಜಿ ಬುಟ್ಟಿಗೆ ತುಂಬಿ, ನಡುವೆ ಒಂದು ಗುಳಿ ಬಿಡಿ. ಬೇರೆ ಕಡೆ 12–15 ತುಂಡು ಮಾತ್ರ ಬೂದಿ ಕಟ್ಟೋವರೆಗೆ ಹೊತ್ತಿಸಿ ಆ ಗುಳಿಗೆ ಹಾಕಿ. ಬೆಂಕಿ ಅಲ್ಲಿಂದ ನಿಧಾನ ಪಕ್ಕಕ್ಕೆ ಹಬ್ಬುತ್ತೆ. ಮೊದಲು ಎರಡು ವಾಲ್ವ್ ಪೂರ್ತಿ ತೆಗೆದಿರಿ. 80 ದಾಟ್ತಿದ್ದ ಹಾಗೆ ಒಂದು ಮುಚ್ಚಿ. 95ಕ್ಕೆ ಉಳಿದದ್ದನ್ನ ಅರ್ಧ. 105ಕ್ಕೆ ಕಾಲು ಭಾಗ. ಆಮೇಲೆ ಕೈ ಕಟ್ಟಿ ಕೂರಿ. ವಾಲ್ವ್ ತಿರುಗಿಸಿದ ಪರಿಣಾಮ ಕಾಣೋಕೆ ಹತ್ತು ಹದಿನೈದು ನಿಮಿಷ ಬೇಕು. ಎರಡು ನಿಮಿಷಕ್ಕೊಂದು ಸಲ ತಿರುಗಿಸೋರಿಗೆ ಡ್ರಮ್ ಯಾವತ್ತೂ ಒಲಿಯಲ್ಲ.

ಮೇಲಕ್ಕೆ ಏರಿಸೋದು ಐದು ನಿಮಿಷದ ಕೆಲಸ, ಕೆಳಗೆ ಇಳಿಸೋದು ಒಂದು ಗಂಟೆ. ಅದಕ್ಕೇ ಕೆಳಗಿನಿಂದಲೇ ಹಿಡೀಬೇಕು.

ಬೆಣ್ಣೆ_ಖಾಲಿ
ಮೇಲಿನ ತೂತು ಎಷ್ಟು ಮುಚ್ಚಬೇಕು?

ವಿದ್ಯಾನಗರ_ಗ್ರಿಲ್
ಒಂದೂ ಮುಚ್ಚಬಾರದು.

ಜಗಳೂರು_ಜಾಲಿ
ಇದನ್ನ ಒಪ್ಪಲ್ಲ. ಕೆಟಲ್ ಗ್ರಿಲ್‌ನಲ್ಲಿ (ಗುಂಡು ಮುಚ್ಚಳದ ಇದ್ದಿಲ ಗ್ರಿಲ್) ಮೇಲಿನ ಕಿಂಡಿ ಅರ್ಧ ಮುಚ್ಚಿ ಎಷ್ಟೋ ಜನ ಮಾಡ್ತಾರೆ, ಏನೂ ಆಗಲ್ಲ. ಮೇಲೆ ಮುಚ್ಚಿದ್ರೂ ಎಳೆತ ಕಮ್ಮಿ ಆಗಿ ಬೆಂಕಿ ಇಳಿಯುತ್ತೆ. ಗಾಳಿ ಒಳಗೆ ಬರೋದನ್ನ ತಡೆದ್ರೂ ಒಂದೇ, ಹೊರಗೆ ಹೋಗೋದನ್ನ ತಡೆದ್ರೂ ಒಂದೇ.

ವಿದ್ಯಾನಗರ_ಗ್ರಿಲ್
ಉಷ್ಣಾಂಶಕ್ಕೆ ಒಂದೇ ಇರಬಹುದು, ರುಚಿಗೆ ಒಂದೇ ಅಲ್ಲ. ಮೇಲೆ ಮುಚ್ಚಿದಾಗ ಹೊಗೆ ಒಳಗೇ ನಿಂತು ತಣ್ಣಗಾಗಿ ಮಾಂಸದ ಮೇಲೆ, ಮುಚ್ಚಳದ ಒಳಗೆ ಟಾರಿನ ಹಾಗೆ ಕೂರುತ್ತೆ. ಮೂಲ ಪೋಸ್ಟ್‌ನಲ್ಲಿ ಹೇಳಿರೋ ಕಪ್ಪು ಜಿಗುಟು ಅದೇ. ಗಾಳಿ ಕಮ್ಮಿಯಾಗಿ ಕಟ್ಟಿಗೆ ಸರಿಯಾಗಿ ಉರಿಯದೆ ಬರೋದು ಬಿಳಿ ಹೊಗೆ. ಬೇಕಾಗಿರೋದು ಕಣ್ಣಿಗೆ ಕಂಡೂ ಕಾಣದ ತೆಳು ನೀಲಿ ಹೊಗೆ. ಅದು ಬರೋವರೆಗೆ, ಅಂದ್ರೆ ಇಪ್ಪತ್ತು ಮೂವತ್ತು ನಿಮಿಷ, ಮಾಂಸ ಒಳಗಿಡಲೇಬೇಡಿ.

ಅರ್ಧ ಇಂಚಿನ 8 ತೂತು ಅಂದ್ರೆ 1,013 ಚದರ ಮಿ.ಮೀ. ಮುಕ್ಕಾಲು ಇಂಚಿನ ಮೂರು ಪೈಪ್ ಅಂದ್ರೆ 1,050. ಹೆಚ್ಚುಕಮ್ಮಿ ಸಮ. ಅದಕ್ಕೇ ಮೂರು ನಿಪ್ಪಲ್ ಸಾಕು, ನಾಲ್ಕನೇದಕ್ಕೆ ಕ್ಯಾಪ್ ಹಾಕಿ ಮರೆತುಬಿಡಿ.

ಜಗಳೂರು_ಜಾಲಿ
ಸರಿ, ಕೋಳಿಯಂಥ ಒಂದು ಗಂಟೆ ಕೆಲಸಕ್ಕೆ ಅರ್ಧ ಮುಚ್ಚಿದ್ರೆ ಗೊತ್ತಾಗಲ್ಲ. ಆರು ಗಂಟೆ ಅಂದ್ರೆ ನೀವು ಹೇಳಿದ್ದೇ ಸರಿ. ಇಷ್ಟು ಮಾತ್ರ ಒಪ್ಪಿದೆ.

ಎಂಸಿಸಿ_ಬಿ_ಬ್ಲಾಕ್
ಜಿಐ (ಸತು ಲೇಪದ ಕಬ್ಬಿಣ) ನಿಪ್ಪಲ್ ಹಾಕಿದ್ದೀರಲ್ಲ ಸಾರ್, ಸತುವಿನ ವಿಷ ಹೊಗೆ ಬರಲ್ವಾ? ಮೊದಲು ಅದನ್ನ ಕಿತ್ತುಹಾಕಿ!

ಹರಿಹರ_ವೆಲ್ಡಿಂಗ್
ನಿಪ್ಪಲ್ ಇರೋದು ಡ್ರಮ್ ಹೊರಗ, ತಣ್ಣನೆ ಗಾಳಿ ಒಳಗ ಬರೋ ದಾರಿಯಾಗ. ಕೈ ಚುರ್ ಅನ್ನೋವಷ್ಟು ಬಿಸಿ ಆಗಬೋದು, ಅಷ್ಟೇ. ಸತು ಕರಗೋದೇ 419ಕ್ಕ, ಕುದಿಯೋದು 907ಕ್ಕ. ಆದ್ರ ಇದ್ದಿಲಿಗೆ ತಾಗೋ ಬುಟ್ಟಿ, ಗ್ರಿಲ್ ಜಾಲರಿ ಜಿಐ ಆಗಕೂಡದು. ಗಾಳಿ ಹೊಡೆದ ಕೆಂಡ 900 ದಾಟ್ತೈತಿ. ಬುಟ್ಟಿಗೆ ಎಂ.ಎಸ್. ಎಕ್ಸ್‌ಪ್ಯಾಂಡೆಡ್ ಜಾಲರಿ, ಗ್ರಿಲ್‌ಗೆ 304 ಸ್ಟೇನ್‌ಲೆಸ್ 6 ಮಿ.ಮೀ. ಸರಳು. ಕೋಳಿ ಗೂಡಿನ ಮೆಶ್ ಹೊಳೀತೈತಿ ಅಂತ ಹಾಕಬ್ಯಾಡ್ರಿ. ಹಳೇ ಫ್ರಿಜ್ ತಟ್ಟೆನೂ ಬ್ಯಾಡ, ಅದರ ಲೇಪ ಏನು ಅಂತ ಯಾರಿಗೂ ಗೊತ್ತಿರಂಗಿಲ್ಲ, ಕ್ಯಾಡ್ಮಿಯಂ ಇದ್ರ ಕೆಟ್ಟಂಗ.

ಮಾಯಕೊಂಡ_ರೈತ
ಔಷಧಿ ಡ್ರಮ್ ಅಗ್ಗಕ್ಕೆ ಸಿಗ್ತೈತಿ, ಹೊಲಕ್ಕೆ ಹೊಡೆಯೋದು. ಚೆನ್ನಾಗಿ ಸುಟ್ರೆ ನಡೆಯುತ್ತಾ?

ವಿದ್ಯಾನಗರ_ಗ್ರಿಲ್
ಖಂಡಿತ ಬೇಡ. ಮಡಿಕೆ, ಜೋಡಿಸಿದ ಅಂಚಿನ ಒಳಗೆ ಸೇರಿದ್ದು ಸುಟ್ಟರೂ ಹೋಗಲ್ಲ.

ಹರಿಹರ_ವೆಲ್ಡಿಂಗ್
ಅದರ ಜತಿಗೆ: ಪೆಟ್ರೋಲ್, ಥಿನ್ನರ್, ಡೀಸೆಲ್ ಇದ್ದ ಖಾಲಿ ಡ್ರಮ್‌ಗೆ ಗ್ರೈಂಡರ್ ಹಚ್ಚಿದ್ರ ಬಾಂಬ್. ಖಾಲಿ ಇದ್ದಷ್ಟೂ ಅಪಾಯ ಜಾಸ್ತಿ, ಆವಿ ತುಂಬಿರ್ತೈತಿ. ತಿಂಡಿ ಎಣ್ಣೆ, ಜೇನುತುಪ್ಪ, ಹಣ್ಣಿನ ರಸ ಇದ್ದ ಡ್ರಮ್ ಹುಡುಕ್ರಿ. ಮುಚ್ಚಳ ಬಳೆ ಹಾಕಿ ಬಿಗಿಯೋ ಜಾತಿ ಸಿಕ್ಕರ ಅರ್ಧ ಕೆಲಸ ಉಳೀತು. ಮುಚ್ಚಳದ ರಬ್ಬರ್ ವಾಷರ್ ಕಿತ್ತು ಬಿಸಾಕಿ, ಆಮ್ಯಾಲೆ ಬೆಂಕಿ.

ಶೇಂಗಾ_ಚಳ್ಳಕೆರೆ
ಇದ್ದಿಲು ಯಾವ್ದು ಬಳಸ್ತೀರ ಎಲ್ಲರೂ? ನಮ್ಮ ಕಡೆ ಇಸ್ತ್ರಿ ಅಂಗಡಿಗೆ ಬರೋ ಜಾಲಿ ಇದ್ದಿಲೇ ಗತಿ.

ಜಗಳೂರು_ಜಾಲಿ
ಬಳ್ಳಾರಿ ಜಾಲಿಯದ್ದು ಒಳ್ಳೇದೇ. ಗಟ್ಟಿ ಮರ, ಕಾವು ಚೆನ್ನಾಗಿ ನಿಲ್ಲುತ್ತೆ. ತೊಂದರೆ ಎರಡು. ಒಂದು ಕಿಡಿ ಸಿಡಿಯುತ್ತೆ, ಹೊತ್ತಿಸುವಾಗ ಬಗ್ಗಿ ಊದಬೇಡಿ. ಎರಡು, ಚೀಲದಲ್ಲಿ ಅರೆಬೆಂದ ತುಂಡು ಸೇರಿರುತ್ತೆ. ನೆಲಕ್ಕೆ ಬೀಳಿಸಿ ನೋಡಿ. ಚೆನ್ನಾಗಿ ಬೆಂದದ್ದು ಗಾಜಿನ ಹಾಗೆ ಟಣ್ ಅನ್ನುತ್ತೆ, ಮುರಿದ ಕಡೆ ಹೊಳಪು ಇರುತ್ತೆ. ಅರೆಬೆಂದದ್ದು ದಬ್ ಅನ್ನುತ್ತೆ, ಒಳಗೆ ಕಂದು. ಕಹಿ ಹೊಗೆಗೆ ಅದೂ ಒಂದು ಕಾರಣ, ಆರಿಸಿ ತೆಗೆದು ನೀರೊಲೆಗೆ ಹಾಕಿ. ಚೀಲದ ತಳದ ಪುಡಿ ಜರಡಿ ಹಿಡಿದುಬಿಡಿ, ಗಾಳಿ ದಾರಿ ಕಟ್ಟೋದು ಅದೇ. ಮಳೆಗಾಲದಲ್ಲಿ ಇದ್ದಿಲು ತೇವ ಎಳ್ಕೊಳ್ಳುತ್ತೆ, ಹಿಂದಿನ ದಿನ ಬಿಸಿಲಿಗೆ ಹರಡಿ.

ಹೊಸದುರ್ಗ_ತೆಂಗು
ಕರಟದ ಇದ್ದಿಲು ಯಾರೂ ಹೇಳ್ಲಿಲ್ಲ! ಹೊಗೆ ಕಮ್ಮಿ, ಬೂದಿ ಕಮ್ಮಿ, ಕಾವು ಜಾಲಿಗಿಂತ ಮೇಲು. ಆದ್ರೆ ಬರೀ ಅದನ್ನೇ ತುಂಬಿದ್ರೆ ಚಪ್ಪಟೆ ತುಂಡುಗಳು ಒಂದರ ಮೇಲೊಂದು ಹೆಂಚು ಹೊದಿಸಿದ ಹಂಗೆ ಕೂತು ಗಾಳಿ ಆಡಲ್ಲ. ಮೂರು ಪಾಲು ಜಾಲಿ, ಒಂದು ಪಾಲು ಕರಟ. ಕೆಟಲ್ ಇರೋರು ಕರಟದ ಪುಡಿಯಿಂದ ಮಾಡಿದ ಬ್ರಿಕೆಟ್ ತಗೊಳ್ಳಿ, ಒಂದೇ ಅಳತೆ ಇರೋದ್ರಿಂದ ಅಂಚಿಗೆ ಹಾವಿನ ಹಂಗೆ ಜೋಡಿಸಬೋದು: ಕೆಳಗೆ ಎರಡು ಸಾಲು, ಮೇಲೆ ಎರಡು ಸಾಲು, ಅರ್ಧ ವೃತ್ತ. ಒಂದು ತುದಿಗೆ ಆರೇಳು ಕೆಂಡ. ಗಟ್ಟಿ ಇದ್ದಿಲ ತುಂಡಲ್ಲಿ ಈ ಹಾವು ಆಗಲ್ಲ, ನಡುವೆ ಸಂದು ಬಿದ್ದು ಆರುತ್ತೆ.

ಬೆಣ್ಣೆ_ಖಾಲಿ
ಹೊತ್ತಿಸೋದು ಹೆಂಗೆ? ಸೀಮೆಎಣ್ಣೆ ಬಿಟ್ಟು.

ಹೊಸದುರ್ಗ_ತೆಂಗು
ಖಾಲಿ 15 ಕೆಜಿ ಎಣ್ಣೆ ಟಿನ್. ಎರಡೂ ತುದಿ ಕತ್ತರಿಸಿ, ಕೆಳಗಿನಿಂದ 3 ಇಂಚು ಮೇಲೆ ನಾಲ್ಕು ಸರಳು ಅಡ್ಡ ಹಾಯಿಸಿ, ಅದರ ಕೆಳಗೆ ಸುತ್ತಾ ಬೆರಳಗಲದ ತೂತು. ಸರಳಿನ ಮೇಲೆ ಇದ್ದಿಲು, ಕೆಳಗೆ ಒಣ ತೆಂಗಿನ ನಾರು, ಎರಡು ಕರಟ. ಕಾಲು ಗಂಟೆ. ಟಿನ್ ತೆಳು, ಹತ್ತಿಪ್ಪತ್ತು ಸಲಕ್ಕೆ ತೂತು ಬೀಳುತ್ತೆ, ಬೀಳ್ಲಿ ಬಿಡಿ, ಇನ್ನೊಂದು ಸಿಗುತ್ತೆ. ತಾರಸಿ ಮೇಲೆ ನೇರ ಇಡಬೇಡಿ, ಕೆಳಗೆ ಇಟ್ಟಿಗೆ. ಕಡಪ ಕಲ್ಲಿನ ಮೇಲಂತೂ ಬೇಡವೇ ಬೇಡ, ಕಾವಿಗೆ ಪದರ ಸಿಡಿದು ಕಣ್ಣಿಗೆ ಬರುತ್ತೆ.

ಹೊನ್ನಾಳಿ_ಜೋಳ
ಹೊಗೆಗೆ ಕಟ್ಟಿಗೆ ಯಾವ್ದು? ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಹಾಕಿ ನೋಡ್ರಿ ಅಂತ ನನ್ನ ಸಲಹೆ. ಜಿಲ್ಲೆ ತುಂಬಾ ಬಿದ್ದಿರ್ತೈತಿ, ಅಮೆರಿಕದಾಗೂ ಹಂದಿ ತೊಡೆಗೆ ಇದೇ ಹೊಗೆ ಕೊಡೋ ರೂಢಿ ಐತಿ. ಸಿಹಿ ವಾಸನೆ. ಬೂಷ್ಟು ಹಿಡಿದಿದ್ದು ಮಾತ್ರ ಬ್ಯಾಡ.

ವಿದ್ಯಾನಗರ_ಗ್ರಿಲ್
ದಿಂಡು ಬೇಗ ಉರಿದು ಮುಗಿಯುತ್ತೆ, ಕೋಳಿಗೆ, ಮೀನಿಗೆ ಸರಿ. ಉದ್ದ ಅಡುಗೆಗೆ ಮಾವು, ಸೀಬೆ, ಹುಣಸೆ. ಹುಣಸೆ ತುಂಬಾ ಗಟ್ಟಿ (ಮಟನ್ ಅಂಗಡಿ ಕೊರಡು ಅದರದ್ದೇ ಅಲ್ವಾ), ಎರಡೇ ತುಂಡು ಸಾಕು. ಮುಷ್ಟಿ ಗಾತ್ರದ ನಾಲ್ಕು ತುಂಡು ಒಂದು ಅಡುಗೆಗೆ, ಇದ್ದಿಲ ನಡುವೆ ಹೂತಿಡಿ, ಬೆಂಕಿ ಹಬ್ಬಿದ ಹಾಗೆ ಒಂದೊಂದಾಗಿ ಹೊತ್ತುತ್ತೆ. ಕಡಿದು ಆರು ತಿಂಗಳಾದ್ರೂ ಒಣಗಿರಬೇಕು.

ಬೇಡವಾದ್ದು: ನೀಲಗಿರಿ (ಎಣ್ಣೆ ವಾಸನೆ, ಕೆಮ್ಮಿನ ಔಷಧಿ ತಿಂದ ಹಾಗೆ), ಬೇವು, ಪ್ಲೈವುಡ್, ಬಣ್ಣ ಬಳಿದ ಹಳೇ ಕಿಟಕಿ ಚೌಕಟ್ಟು. ಗೋಡಂಬಿ ಸಿಪ್ಪೆ ಹತ್ತಿರಕ್ಕೂ ಬೇಡ, ಅದರ ಎಣ್ಣೆ ಹೊಗೆ ಗಂಟಲು, ಚರ್ಮ ಸುಡುತ್ತೆ.

ಶೇಂಗಾ_ಚಳ್ಳಕೆರೆ
ದಾಳಿಂಬೆ ಕಡ್ಡಿ? ಸವರಿದ್ದು ರಾಶಿ ಸಿಗುತ್ತೆ.

ಹೊಸದುರ್ಗ_ತೆಂಗು
ಮರ ಒಳ್ಳೇದು. ಆದ್ರೆ ದಾಳಿಂಬೆಗೆ ಹೊಡೆಯೋ ಔಷಧಿ ಎಷ್ಟು ಅಂತ ತೋಟದೋರನ್ನೇ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಎಂಸಿಸಿ_ಬಿ_ಬ್ಲಾಕ್
ಕಟ್ಟಿಗೆ ನೀರಲ್ಲಿ ನೆನೆಸಬೇಕು ಅಂತಾರಲ್ಲ?

ಜಗಳೂರು_ಜಾಲಿ
ಬೇಡ. ನೀರು ಮೇಲ್ಮೈಗೆ ಮಾತ್ರ ಇಳಿದಿರುತ್ತೆ. ಅದು ಆವಿಯಾಗೋವರೆಗೆ ಹೊಗೆಯೇ ಬರಲ್ಲ, ಜೊತೆಗೆ ಕೆಂಡ ತಣ್ಣಗಾಗುತ್ತೆ. ನೆನೆಸಿದ್ರೆ ಜಾಸ್ತಿ ಹೊತ್ತು ಹೊಗೆ ಬರುತ್ತೆ ಅಂತ ಅಂದ್ಕೊಂಡಿರೋದು ಹಬೆ.

ದುರ್ಗದ_ಗಾಳಿ
ಗಾಳಿ ಬಗ್ಗೆ ಯಾರೂ ಮಾತಾಡ್ಲಿಲ್ಲ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ. ಆಷಾಢದಲ್ಲಿ ತಾರಸಿ ಮೇಲೆ ವಾಲ್ವ್ ಬಾಯಿ ಪಡುವಣಕ್ಕೆ ಮಾಡಿ ಇಟ್ರೆ ತಿದಿ ಒತ್ತಿದ ಹಂಗೆ. ಕಾಲು ತೆಗೆದ ವಾಲ್ವ್‌ನಿಂದಲೇ 140 ಹೋಗುತ್ತೆ. ವಾಲ್ವ್ ಗಾಳಿಗೆ ಬೆನ್ನು ಮಾಡಿರಲಿ. ಒಂದಡಿ ದೂರಕ್ಕೆ ಮೂರು ಕಡೆ ತಗಡಿನ ಮರೆ ನಿಲ್ಲಿಸಿ, ಮೇಲೆ ತೆರೆದಿರಲಿ. ಡ್ರಮ್‌ಗೆ ತಗಡು ಅಂಟಿಸಬೇಡಿ.

ಶೇಂಗಾ_ಚಳ್ಳಕೆರೆ
ಗಾಳಿಗೆ ನಮ್ಮ ಚಳ್ಳಕೆರೆ ಕಂಬಳಿ ಹೊದಿಸಿ! ಕುರಿ ಉಣ್ಣೆ, ಬೇಗ ಬೆಂಕಿ ಹಿಡಿಯಲ್ಲ, ಕಾವು ಹಿಡಿದಿಡುತ್ತೆ.

ಹರಿಹರ_ವೆಲ್ಡಿಂಗ್
ಕಂಬಳಿ ಹೊದಿಸೋರು ಮೊದ್ಲು ನೀರಿನ ಬಕೆಟ್ ಪಕ್ಕಕ್ಕಿಡ್ರಿ.

ಶೇಂಗಾ_ಚಳ್ಳಕೆರೆ
ಉಣ್ಣೆ ತಾನಾಗಿ ಆರುತ್ತೆ ಅಣ್ಣ, ಹತ್ತಿ ಹಂಗಲ್ಲ.

ಹರಿಹರ_ವೆಲ್ಡಿಂಗ್
ಜ್ವಾಲೆ ತೆಗೆದ್ರ ಆರ್ತೈತಿ, ಸರಿ. ಆದ್ರ ಬುಟ್ಟಿ ಎದುರಿನ ಡ್ರಮ್ ಗೋಡೆ 250–300ಕ್ಕೆ ಹೋಗ್ತೈತಿ. ಅಲ್ಲಿ ಉಣ್ಣೆ ಕರಕಲಾಗಿ ಕೂದಲು ಸುಟ್ಟ ವಾಸನೆ ಬರ್ತೈತಿ. ಆ ವಾಸನೆ ಮಟನ್‌ಗೆ ಬೇಕಾ? ಮ್ಯಾಲಿನ ಅರ್ಧಕ್ಕೆ ಮಾತ್ರ ಅಂದ್ರೂ ಒಂದು ಕಿಡಿ ಕೂತ್ರ ಅಲ್ಲಿ ಕರಕಲಾಗಿ ಅದೇ ವಾಸನೆ.

ಕಾವು ಹಿಡಿಸ್ಬೇಕು ಅಂದ್ರ ರೈಸ್ ಮಿಲ್ ಹೊಟ್ಟಿನ ಬೂದಿ ಐತಲ್ಲ, ದಾವಣಗೆರೆಯೊಳಗ ಬರಗಾಲ ಏನಿಲ್ಲ. ಡ್ರಮ್ ಸುತ್ತ 2 ಇಂಚು ಬಿಟ್ಟು ತೆಳು ತಗಡಿನ ಕವಚ, ನಡುವೆ ಪೂರ್ತಿ ಸುಟ್ಟ ಬೂದಿ. ಸಿಲಿಕಾ ಅದು, ಕಾವು ದಾಟಿಸಂಗಿಲ್ಲ. ಅರೆ ಸುಟ್ಟ ಕರಿ ಹೊಟ್ಟು ಹಾಕಬ್ಯಾಡ್ರಿ, ಅದು ಒಳಗ ಹೊತ್ತಿಕೊಳ್ತೈತಿ. ಬೂದಿ ತುಂಬುವಾಗ ಮೂಗಿಗೆ ಮಾಸ್ಕ್, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಸರ್ಕ್ಯೂಟ್_ಸಾವಿತ್ರಿ (ದಾವಣಗೆರೆ)
ಫ್ಯಾನ್ ಕಂಟ್ರೋಲರ್ ಪ್ರಶ್ನೆ ಹಾಗೇ ಉಳೀತು. ಸೋರಿಕೆ ಇರೋ ಡ್ರಮ್‌ಗೆ ಫ್ಯಾನ್ ಹಾಕೋದು ತೂತು ಬಿಂದಿಗೆಗೆ ನಲ್ಲಿ ಹಾಕಿದ ಹಾಗೆ. ಫ್ಯಾನ್ ಬೆಂಕಿ ಏರಿಸಬಲ್ಲದು, ಇಳಿಸೋಕೆ ಬರಲ್ಲ. ಇಳಿಸೋದು ಬಿಗಿಯಾದ ಡ್ರಮ್. ಅದಾದ ಮೇಲೆ ಬೇಕಿದ್ರೆ:

ರೆಕ್ಸ್ ಸಿ100 ಕಂಟ್ರೋಲರ್, ಕೆ ಟೈಪ್ ಥರ್ಮೋಕಪಲ್ (ಕಾವು ಅಳೆಯೋ ತಂತಿ), 12 ವೋಲ್ಟ್ ಬ್ಲೋವರ್ (75×30 ಮಿ.ಮೀ. ಬಸವನಹುಳು ಆಕಾರದ್ದು). ಎಲ್ಲರೂ ಎಡವೋ ಜಾಗ ಇದು: ಕಿಟ್ ಜೊತೆ ಬರೋ ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ಸ್ವಿಚ್) ಮೇಲೆ ‘40 ಡಿಎ’ ಅಂತ ಇರುತ್ತೆ. ಅದು ಎ.ಸಿ. ಲೋಡ್‌ಗೆ. 12 ವೋಲ್ಟ್ ಡಿ.ಸಿ. ಫ್ಯಾನ್ ಕೊಟ್ರೆ ಒಮ್ಮೆ ಆನ್ ಆದದ್ದು ಆಫ್ ಆಗೋದೇ ಇಲ್ಲ, ಯಾಕಂದ್ರೆ ಡಿ.ಸಿ.ಯಲ್ಲಿ ಕರೆಂಟ್ ಸೊನ್ನೆಗೆ ಇಳಿಯಲ್ಲ. ಡಿ.ಸಿ. ಲೋಡ್‌ಗೆ ಅಂತಲೇ ಇರೋ ‘ಡಿಡಿ’ ತಗೊಳ್ಳಿ, ಇಲ್ಲ ಡಿ.ಸಿ. ಆನ್ ಆಫ್ ಮಾಡೋ ಒಂದು ಮಾಸ್‌ಫೆಟ್ ಬೋರ್ಡ್.

ಥರ್ಮೋಕಪಲ್ ತಂತಿ ಅದಲುಬದಲಾದ್ರೆ ಕಾವು ಏರಿದಂತೆ ಅಂಕಿ ಇಳಿಯುತ್ತೆ, ಕಂಟ್ರೋಲರ್ ಗಾಬರಿಯಾಗಿ ಫ್ಯಾನ್ ಪೂರ್ತಿ ಓಡಿಸುತ್ತೆ. ಫ್ಯಾನ್ ನಿಂತಾಗ ಅದರ ಬಾಯಿಂದಲೇ ಗಾಳಿ ಒಳಗೆ ಹೋಗ್ತಾ ಇರುತ್ತೆ, ಅದಕ್ಕೆ ಹಗುರ ಅಲ್ಯುಮಿನಿಯಂ ಹಾಳೆಯ ರೆಪ್ಪೆ ಹಾಕಿ. ಫ್ಯಾನ್ ಇರೋ ನಿಪ್ಪಲ್ ಬಿಟ್ಟು ಉಳಿದ ಎಲ್ಲಾ ವಾಲ್ವ್ ಮುಚ್ಚಿ. ಕರೆಂಟ್ ಹೋದ್ರೆ ಫ್ಯಾನ್‌ಗೆ ಬ್ಯಾಟರಿ ಸಾಕು, ಕಂಟ್ರೋಲರ್‌ಗೆ ಮಾತ್ರ ಎ.ಸಿ. ಬೇಕು, ಯುಪಿಎಸ್ ಮೇಲೆ ಇಡಿ.

ವಿದ್ಯಾನಗರ_ಗ್ರಿಲ್
ಸಾವಿತ್ರಕ್ಕಾ, ಒಂದು ವಾಲ್ವ್ ಕಾಲು ತಿರುಗಿಸಿ ಆಗೋ ಕೆಲಸಕ್ಕೆ ಇಷ್ಟೆಲ್ಲಾ ತಂತಿ ಯಾಕೆ?

ಸರ್ಕ್ಯೂಟ್_ಸಾವಿತ್ರಿ
ರಾತ್ರಿ ಹಚ್ಚಿಟ್ಟು ಮಲಗೋದಕ್ಕೆ. ನಿಮಗೆ ಬೇಡ ಅಂದ್ರೆ ಬಿಡಿ.

ಅಂದಹಾಗೆ ಮೊದಲು ಥರ್ಮಾಮೀಟರ್ ಡಯಲ್ ನಂಬಬಹುದಾ ನೋಡಿ. ಅಗ್ಗದ ಡಯಲ್ 20–30 ಡಿಗ್ರಿ ತಪ್ಪು ತೋರಿಸೋದು ಮಾಮೂಲು. ಕುದಿಯೋ ನೀರಿಗೆ ಅದ್ದಿ. 100 ಬರಬೇಕು ಅಂತ ಕಾಯಬೇಡಿ. ದಾವಣಗೆರೆ ಸಮುದ್ರ ಮಟ್ಟದಿಂದ 600 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದು 98ಕ್ಕೆ. ದುರ್ಗದಲ್ಲಿ ಸುಮಾರು 97.5. ಹಿಂದೆ ತಿರುಪು ಇದ್ರೆ ಅದಕ್ಕೆ ಹೊಂದಿಸಿ. ಡಯಲ್ ಗ್ರಿಲ್ ಮಟ್ಟದಲ್ಲಿರಲಿ, ಮುಚ್ಚಳದ ತುದಿಯಲ್ಲಿ ಬೇಡ. ಗೋಡೆ ಪಕ್ಕದ ಅಂಕಿಗೂ ಗ್ರಿಲ್ ನಡುವಿನ ಕಾವಿಗೂ ಮೊದಲ ಒಂದು ಗಂಟೆ 20–30 ವ್ಯತ್ಯಾಸ ಇರುತ್ತೆ.

ಬೆಣ್ಣೆ_ಖಾಲಿ
ಇಷ್ಟೆಲ್ಲಾ ಆದ್ಮೇಲೆ ಕೋಳಿ ಎಷ್ಟಕ್ಕೆ?

ವಿದ್ಯಾನಗರ_ಗ್ರಿಲ್
ಕೋಳಿಗೆ 110 ಬೇಡ. ಚರ್ಮ ರಬ್ಬರ್ ಆಗುತ್ತೆ. 150–160ರಲ್ಲಿ 1.2 ಕೆಜಿ ಕೋಳಿ ಒಂದು ಗಂಟೆ, ಒಂದೂಕಾಲು ಗಂಟೆ. ಎದೆ ಒಳಗೆ 74, ತೊಡೆ 80 ದಾಟಿದ್ರೆ ಇನ್ನೂ ಚೆನ್ನ. ಅಂಗಡಿಯಲ್ಲಿ ‘ಸ್ಕಿನ್ ಸಮೇತ’ ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಸುಲಿದೇ ಕೊಡ್ತಾರೆ. ಸುಲಿದದ್ದೇ ಆದ್ರೆ ಲೀಟರ್ ನೀರಿಗೆ 50 ಗ್ರಾಂ ಉಪ್ಪು, ಮೂರು ಗಂಟೆ ಫ್ರಿಜ್‌ನಲ್ಲಿ, ಆಮೇಲೆ ಒರೆಸಿ ಎಣ್ಣೆ.

ಮಟನ್ ಮುಂಗಾಲು, ಮೂಳೆ ಸಮೇತ 1.5 ಕೆಜಿ: 115–120. ಒಳಗಿನ ಕಾವು 68–70ಕ್ಕೆ ಬಂದು ಅಲ್ಲೇ ಗಂಟೆಗಟ್ಟಲೆ ನಿಲ್ಲುತ್ತೆ. ಡ್ರಮ್ ಕೆಟ್ಟಿಲ್ಲ, ಮೇಲ್ಮೈ ಬೆವರಿ ತಣ್ಣಗಾಗ್ತಿದೆ ಅಷ್ಟೆ. ವಾಲ್ವ್ ಮುಟ್ಟಬೇಡಿ. ನಮ್ಮ ಬಯಲುಸೀಮೆ ಕುರಿಯಲ್ಲಿ ಕೊಬ್ಬು ಕಮ್ಮಿ, ಆ ಹಂತದಲ್ಲಿ ಬಾಳೆ ಎಲೆ, ಅದರ ಮೇಲೆ ಫಾಯಿಲ್ ಸುತ್ತಿ. 92–95ಕ್ಕೆ ಮೂಳೆ ಎಳೆದ್ರೆ ಕೈಗೆ ಬರುತ್ತೆ. ಇಳಿಸಿ ಮುಕ್ಕಾಲು ಗಂಟೆ ಸುತ್ತಿಟ್ಟಿರಿ. ಪರಂಗಿಕಾಯಿ ಹಚ್ಚಿ ರಾತ್ರಿಯಿಡೀ ಬಿಡೋರು, ದಯವಿಟ್ಟು ಬಿಡಬೇಡಿ, ಮೇಲೆಲ್ಲಾ ಹಿಟ್ಟಾಗಿರುತ್ತೆ.

ಹೊನ್ನಾಳಿ_ಜೋಳ
ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಬೇಕಾ, ನಡುವೆ ತಟ್ಟೆ ಇಡಬೇಕಾ?

ಜಗಳೂರು_ಜಾಲಿ
ತೊಟ್ಟಿಕ್ಕಬೇಕು. ಡ್ರಮ್‌ನ ರುಚಿಯೇ ಅದು.

ದುರ್ಗದ_ಗಾಳಿ
ಕುರಿ ಕೊಬ್ಬಿಗೆ ಬೇಡ, ಮುಗ್ಗು ವಾಸನೆ. ಗ್ರಿಲ್‌ನಿಂದ ಅರ್ಧ ಅಡಿ ಕೆಳಗೆ 14 ಇಂಚಿನ ಮಣ್ಣಿನ ತಟ್ಟೆ ಇಡಿ. ಇದು ಎಂದೂ ಬಗೆಹರಿಯದ ಜಗಳ, ಇಲ್ಲಿಗೇ ಬಿಡೋಣ.

ಶುದ್ಧ_ಸಸ್ಯಾಹಾರಿ_ಆದ್ರೂ
ನಮಗೂ ಏನಾದ್ರೂ ಹೇಳ್ರಪ್ಪ. ದಾವಣಗೆರೆ ಅಂದ್ಮೇಲೆ ಬೆಣ್ಣೆಗೆ ಹೊಗೆ ಕೊಡೋಕಾಗಲ್ವಾ?

ಸರ್ಕ್ಯೂಟ್_ಸಾವಿತ್ರಿ
ಆಗುತ್ತೆ. ಬೆಣ್ಣೆ 32–35ಕ್ಕೆ ಕರಗುತ್ತೆ, ಹಾಗಾಗಿ ಡ್ರಮ್ ಒಳಗೆ 25 ದಾಟಬಾರದು. ಇದ್ದಿಲು ಹಾಕೋದೇ ಬೇಡ. ಜಾಲರಿ ಕೊಳವೆಗೆ ಒಣ ಮಾವಿನ ಮರದ ಹೊಟ್ಟು ತುಂಬಿ ಒಂದು ತುದಿ ಹೊತ್ತಿಸಿ, ಜ್ವಾಲೆ ಆರಿಸಿ, ಹೊಗೆಯಾಡ್ತಾ ಡ್ರಮ್ ತಳಕ್ಕಿಡಿ. ಗ್ರಿಲ್ ಮೇಲೆ ಐಸ್ ತಟ್ಟೆ, ಐಸ್ ಮೇಲೆ ಬಟ್ಟಲಲ್ಲಿ ಉಪ್ಪಿಲ್ಲದ ಬೆಣ್ಣೆ ಅರ್ಧ ಇಂಚು ದಪ್ಪ ಹರಡಿ. ಡಿಸೆಂಬರ್ ಬೆಳಗಿನ ಜಾವ, ಒಂದು ಗಂಟೆ ಸಾಕು, ಬೆಣ್ಣೆ ಹೊಗೆಯನ್ನ ಬೇಗ ಹೀರುತ್ತೆ. ತಕ್ಷಣ ತಿಂದ್ರೆ ಬೂದಿ ಬೂದಿ, ಡಬ್ಬಿಗೆ ಹಾಕಿ ಎರಡು ದಿನ ಫ್ರಿಜ್‌ನಲ್ಲಿಟ್ಟು ದೋಸೆಗೆ ಹಚ್ಚಿ.

ಜಗಳೂರು_ಜಾಲಿ
ಬೆಣ್ಣೆ ದೋಸೆಗೆ ಹೊಗೆ ಬೆಣ್ಣೆ ಅಂದ್ರೆ ಊರಲ್ಲಿ ಗಲಾಟೆ ಆಗುತ್ತೆ.

ಹೊಸದುರ್ಗ_ತೆಂಗು
ಎಣಗಾಯಿ ಬದನೆ ಇಡಿಯಾಗಿ 150ರಲ್ಲಿ ಮುಕ್ಕಾಲು ಗಂಟೆ, ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ ಇಡಿ, ಇಲ್ಲಾಂದ್ರೆ ಸಿಡಿಯುತ್ತೆ. ಬ್ಯಾಡಗಿ ಮೆಣಸಿನಕಾಯಿ 70ರಲ್ಲಿ ಎರಡು ಗಂಟೆ, ಚಟ್ನಿಪುಡಿಗೆ. 90 ದಾಟಿದ್ರೆ ಬಣ್ಣ ಕಪ್ಪಾಗಿ ಕಹಿ.

ಪಿಜೆ_ಬಡಾವಣೆ_ತಾರಸಿ
ವರದಿ. ಬಾಗಿಲು ಪೂರ್ತಿ ವೆಲ್ಡ್, ನಾಲ್ಕನೇ ನಿಪ್ಪಲ್‌ಗೆ ಕ್ಯಾಪ್, ಮುಚ್ಚಳದ ತೂತು ಎಲ್ಲಾ ತೆರೆದಿದೆ. ಡಯಲ್ ಕುದಿಯೋ ನೀರಲ್ಲಿ 113 ತೋರಿಸ್ತು, ಅಂದ್ರೆ 15 ಹೆಚ್ಚು. ತಿರುಪಿನಿಂದ ಸರಿಮಾಡಿದೆ. ಖಾಲಿ ಡ್ರಮ್, ಮಾಂಸ ಇಲ್ಲದೆ: ಬುಟ್ಟಿಗೆ 4 ಕೆಜಿ, ಹೊತ್ತಿದ್ದು 14 ತುಂಡು.

10:10ಕ್ಕೆ ಕೆಂಡ ಹಾಕಿದ್ದು. 10:40ಕ್ಕೆ 84, 10:55ಕ್ಕೆ 101, 11:20ಕ್ಕೆ 114. ಒಂದೇ ವಾಲ್ವ್, ಕಾಲು ಭಾಗ. ಆಮೇಲೆ ಮಧ್ಯಾಹ್ನ 3:30ರವರೆಗೆ 109ಕ್ಕೂ 118ಕ್ಕೂ ನಡುವೆ. ಮುಚ್ಚಳ ಒಮ್ಮೆ ತೆಗೆದೆ, 138ಕ್ಕೆ ಹಾರಿ ಇಳಿಯೋಕೆ 25 ನಿಮಿಷ ತಗೊಂಡ್ತು. ಮೂರೂ ಮುಚ್ಚಿದ ಮೇಲೆ ಒಂದು ಗಂಟೆಯಲ್ಲಿ 60ಕ್ಕೆ ಇಳೀತು. ಬುಟ್ಟಿಯಲ್ಲಿ ಇನ್ನೂ ಇದ್ದಿಲು ಉಳಿದಿದೆ, ಅದನ್ನೇ ಮತ್ತೆ ಬಳಸಬಹುದಾ?

ವಿದ್ಯಾನಗರ_ಗ್ರಿಲ್
ಬಳಸಿ. ಅಲುಗಾಡಿಸಿ ಬೂದಿ ಉದುರಿಸಿ, ಮೇಲೆ ಹೊಸದು ಸೇರಿಸಿ. ಮುಚ್ಚಳ ತೆಗೆಯುವಾಗ ಮೊದಲು ಒಂದಿಂಚು ಎತ್ತಿ ಐದಾರು ಸೆಕೆಂಡ್ ತಡೀರಿ, ಮುಖ ದೂರ ಇರಲಿ. ಗಾಳಿ ಸಿಗದೆ ಕೂತಿದ್ದ ಕೆಂಡಕ್ಕೆ ಒಮ್ಮೆಲೇ ಗಾಳಿ ಸಿಕ್ಕರೆ ಜ್ವಾಲೆ ಬಾಯಿಗೇ ಬರುತ್ತೆ.

ಹರಿಹರ_ವೆಲ್ಡಿಂಗ್
ಹೊರಗ 600 ಡಿಗ್ರಿ ತಡೆಯೋ ಅಲ್ಯುಮಿನಿಯಂ ಬಣ್ಣ ಹಚ್ರಿ, ಒಳಗ ಶೇಂಗಾ ಎಣ್ಣೆ ತೆಳ್ಳಗ ಒರೆಸಿ 150ರಾಗ ಎರಡು ತಾಸು ಕಾಯಿಸ್ರಿ. ವೆಲ್ಡ್ ಮಾಡಿದ ಜಾಗ ಬೆತ್ತಲೆ ಐತಿ, ಬರೋ ಮಳೆಗೇ ತುಕ್ಕು ಹಿಡೀತೈತಿ.

ಪಿಜೆ_ಬಡಾವಣೆ_ತಾರಸಿ
ಮಳೆ ಬಂದ್ರೆ ಡ್ರಮ್ ಪೋರ್ಟಿಕೋ ಒಳಗೆ ತಂದು ಮಾಡ್ಬಹುದಾ? ಮೂರು ಕಡೆ ಗೋಡೆ ಇದೆ, ಮುಂದೆ ಶಟರ್.

ಸರ್ಕ್ಯೂಟ್_ಸಾವಿತ್ರಿ
ಬೇಡ. ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತೆ, ಅದಕ್ಕೆ ವಾಸನೆ ಇಲ್ಲ. ಶಟರ್ ಅರ್ಧ ಎತ್ತಿದ್ರೂ ಸಾಲಲ್ಲ. ಆರ್ತಾ ಇರೋ ಡ್ರಮ್ ಕೂಡ ಒಳಗೆ ತರಬೇಡಿ. ತಾರಸಿಯಲ್ಲೇ ನಾಲ್ಕು ಕಂಬ, ಮೇಲೆ ತಗಡು, ಸುತ್ತ ಖಾಲಿ.

ದುರ್ಗದ_ಗಾಳಿ
ಬೂದಿ ನಾಳೆ ಸಂಜೆ ತೆಗೀರಿ, ಇವತ್ತು ಬೇಡ. ಪ್ಲಾಸ್ಟಿಕ್ ಬಕೆಟ್‌ಗೆ ಅಲ್ಲ, ಮುಚ್ಚಳ ಇರೋ ತಗಡಿನ ಡಬ್ಬಕ್ಕೆ.